ಕಂಬದ ಹಿಂದಿನ ಕುರ್ಚಿ

ಕೆಲವು ತಿಂಗಳ ಹಿಂದೆ, ಒಂದು ಶನಿವಾರ ಸಂಜೆ, ಆಯಿಯನ್ನು (ನಮ್ಮ ಕಡೆ ಅಮ್ಮನಿಗೆ ಆಯಿ ಎನ್ನುತ್ತೇವೆ) ಕರೆದುಕೊಂಡು ದಕ್ಷಿಣ ಬೆಂಗಳೂರಿನ ಒಂದು ಪುಟ್ಟ ರಂಗಮಂದಿರಕ್ಕೆ ನಾಟಕ ನೋಡಲು ಹೋಗಿದ್ದೆ. ರಂಗಮಂದಿರವೆಂದರೆ ಕೆಂಪು ಪರದೆಯೂ ಮೆತ್ತನೆಯ ಆಸನಗಳೂ ಇರುವ ಜಾಗವಲ್ಲ. ಬಡಾವಣೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಹಿಂದೆ ಯಾವುದೋ ಆಫೀಸಿದ್ದ ಹಾಲಿನ ಗೋಡೆಗಳಿಗೆ ಕಪ್ಪು ಬಣ್ಣ ಬಳಿದು, ಕಿಟಕಿಗಳಿಗೆ ದಪ್ಪ ಬಟ್ಟೆ ಇಳಿಬಿಟ್ಟು, ಒಂದು ಬದಿಗೆ ಪ್ಲೈವುಡ್ಡಿನ ಹಂತಗಳನ್ನು ಕಟ್ಟಿ, ಅವುಗಳ ಮೇಲೆ ತೊಂಬತ್ತರಷ್ಟು ಪ್ಲಾಸ್ಟಿಕ್ ಕುರ್ಚಿಗಳನ್ನು ಜೋಡಿಸಿದ ಜಾಗ. ಇಂಥ ಆಪ್ತ ರಂಗಮಂದಿರಗಳು ಊರಿನಲ್ಲಿ ಹೆಚ್ಚಬೇಕು ಎಂದು ಆಸೆಪಡುವವರಲ್ಲಿ ನಾನೂ ಒಬ್ಬ. ಆದ್ದರಿಂದ ಮುಂದೆ ಬರೆಯುವುದನ್ನು ದೂರು ಎಂದು ಓದಿದರೆ ಅಡ್ಡಿಯಿಲ್ಲ, ಬೈಗುಳವೆಂದು ಓದಬಾರದು. ಜಾಗದ ಹೆಸರನ್ನು ಬರೆಯದೆ ಇರುವುದೂ ಅದಕ್ಕಾಗಿಯೇ. ಆ ಸಂಜೆಯ ನಾಟಕ ಚೆನ್ನಾಗಿತ್ತು. ಆದರೆ ಆಯಿ ಅದನ್ನು ನೋಡಲಿಲ್ಲ, ಬರೀ ಕೇಳಿದಳು.

ಟಿಕೆಟ್ಟಿಗೆ ತಲಾ 250 ರೂಪಾಯಿ. ಆನ್‌ಲೈನಿನಲ್ಲಿ ಕೊಂಡ ಟಿಕೆಟ್ಟಿನ ಅಡಿಯಲ್ಲಿ ಆಸನಗಳನ್ನು ಕಾಯ್ದಿರಿಸಲಾಗುವುದಿಲ್ಲ, ಮೊದಲು ಬಂದವರಿಗೆ ಮೊದಲು ಎಂಬ ಒಂದು ಸಾಲು ಇತ್ತೇ ಹೊರತು ಕಟ್ಟಡಕ್ಕೆ ಲಿಫ್ಟ್ ಇಲ್ಲ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಎಪ್ಪತ್ನಾಲ್ಕರ ಆಯಿಗೆ ಎರಡೂ ಮಂಡಿ ಸವೆದಿವೆ. ರಸ್ತೆಯಿಂದ ಹಾಲಿನ ಬಾಗಿಲಿಗೆ ಮೂವತ್ತೆಂಟು ಮೆಟ್ಟಿಲು. ಎಣಿಸಿದವನು ನಾನಲ್ಲ, ಒಂದೊಂದು ಮೆಟ್ಟಿಲಿನ ಮೇಲೂ ಎರಡು ಕಾಲನ್ನು ಜೋಡಿಸಿ ನಿಂತು ಮುಂದಿನದಕ್ಕೆ ಹೊರಡುವ ಆಯಿ. ಮೇಲೆ ತಲುಪಿದಾಗ ಬಾಗಿಲು ಇನ್ನೂ ತೆರೆದಿರಲಿಲ್ಲ. ಒಳಗೆ ಲೈಟು ಹೊಂದಿಸುತ್ತಿದ್ದರು. ಮೆಟ್ಟಿಲಿನುದ್ದಕ್ಕೂ ಕ್ಯೂ ಬೆಳೆಯುತ್ತಿತ್ತು, ಆದರೆ ಹೊರಗೆ ಕೂರಲು ಒಂದು ಸ್ಟೂಲೂ ಇರಲಿಲ್ಲ. ಕೊನೆಗೆ ಆಯಿ ಮೆಟ್ಟಿಲ ಮೇಲೆಯೇ ಸೆರಗು ಸರಿಪಡಿಸಿಕೊಂಡು ಕೂತಳು. ಬರುವವರೆಲ್ಲ ‘ಸ್ವಲ್ಪ ಕಾಲು ಆಚೆ’ ಎಂದುಕೊಂಡು ಅವಳನ್ನು ದಾಟಿ ಹತ್ತಿದರು. ಒಳಗೆ ತೊಂಬತ್ತು ಕುರ್ಚಿಗಳು ಖಾಲಿ ಬಿದ್ದಿದ್ದವು. ಅವುಗಳಲ್ಲಿ ಎರಡನ್ನು ಹೊರಗೆ ತಂದಿಡುವುದು ಒಂದು ನಿಮಿಷದ ಕೆಲಸ, ಆದರೆ ಅದು ಯಾರ ಕೆಲಸ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲು ತೆರೆದಾಗ ನಾವು ಕ್ಯೂನಲ್ಲಿ ಹನ್ನೆರಡನೆಯವರೋ ಹದಿಮೂರನೆಯವರೋ ಇದ್ದೆವು. ಲೆಕ್ಕದ ಪ್ರಕಾರ ನಮಗೆ ಎರಡನೆಯ ಸಾಲಿನಲ್ಲಾದರೂ ಜಾಗ ಸಿಗಬೇಕಿತ್ತು. ಆದರೆ ನಮ್ಮ ಜನಕ್ಕೆ ಬಸ್ಸು ಕಲಿಸಿದ ವಿದ್ಯೆಯೊಂದಿದೆಯಲ್ಲ: ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದು. ಮುಂದೆ ಹೋದ ಒಬ್ಬರೇ ಯುವಕ ಐದು ಕುರ್ಚಿಗಳ ಮೇಲೆ ಒಂದು ಕರ್ಚೀಫು, ಒಂದು ಹೆಲ್ಮೆಟ್, ಒಂದು ನೀರಿನ ಬಾಟಲಿ, ಇನ್ನೆರಡರ ಮೇಲೆ ನಾಟಕದ ಕರಪತ್ರವನ್ನೇ ಹಾಕಿ ಹಿಡಿದಿದ್ದರು, ಗೆಳೆಯರು ಟ್ರಾಫಿಕ್ಕಿನಲ್ಲಿದ್ದಾರಂತೆ. ಮೊದಲ ಸಾಲಿನ ಕುರ್ಚಿಗಳ ಬೆನ್ನಿಗೆಲ್ಲ ‘ಆಹ್ವಾನಿತರಿಗೆ’ ಎಂದು ಎ-ಫೋರ್ ಹಾಳೆ ಅಂಟಿಸಿತ್ತು. ಟ್ರಾಫಿಕ್ಕಿನಲ್ಲಿರುವ ಗೆಳೆಯರಿಗೂ ಇನ್ನೂ ಮನೆಯಿಂದಲೇ ಹೊರಡದ ಆಹ್ವಾನಿತರಿಗೂ ಜಾಗ ಬಿಟ್ಟು ಉಳಿದದ್ದರಲ್ಲಿ ನಮಗೆ ಸಿಕ್ಕಿದ್ದು ಮೂರನೆಯ ಹಂತದ ತುದಿಯ ಎರಡು ಕುರ್ಚಿ.

ತುದಿಯ ಕುರ್ಚಿಯ ಮುಂದೆ ಕಂಬವಿತ್ತು. ಕಟ್ಟಡವನ್ನು ಹೊತ್ತ ಕಂಬ, ಒಂದೂವರೆ ಅಡಿ ಅಗಲ, ಅದಕ್ಕೂ ಕಪ್ಪು ಬಣ್ಣ. ಬೆಳಕಿರುವಾಗ ಅದು ಅಷ್ಟಾಗಿ ಕಾಣುತ್ತಿರಲಿಲ್ಲ; ಕತ್ತಲಾಗಿ ರಂಗದ ಮೇಲೆ ಬೆಳಕು ಬಿದ್ದಾಗಲೇ ಅದು ಎಷ್ಟನ್ನು ನುಂಗುತ್ತದೆ ಎಂಬುದು ತಿಳಿದದ್ದು. ಹೊರಬರಲು ಸುಲಭವಾಗಲಿ ಎಂದು ಆಯಿಯನ್ನು ನಾನೇ ತುದಿಯಲ್ಲಿ ಕೂರಿಸಿದ್ದೆ. ನಾಟಕ ಶುರುವಾಗಿ ಐದು ನಿಮಿಷಕ್ಕೆ ನನ್ನ ಮೊಣಕೈ ತಟ್ಟಿ, ‘ತಮಾ, ಎಂಗೆ ಎಂತೂ ಕಾಣ್ತಿಲ್ಲೆ’ ಎಂದಳು. ಕತ್ತಲಲ್ಲಿ ಜಾಗ ಬದಲಿಸಿಕೊಂಡೆವು. ಈಗ ಅವಳ ಮುಂದೆ ಕಂಬವಿರಲಿಲ್ಲ, ಕಂಬದಂಥ ಮನುಷ್ಯರೊಬ್ಬರಿದ್ದರು. ಅವರ ತಪ್ಪಲ್ಲ, ಎತ್ತರವಿರುವವರೂ ನಾಟಕ ನೋಡಬೇಕಷ್ಟೆ.

ನಾಟಕದಲ್ಲಿ ಒಂದು ದೃಶ್ಯವಿದೆ. ನಾಲ್ಕೇ ಪಾತ್ರಗಳ ಆ ನಾಟಕದಲ್ಲಿ ಅತ್ತೆಯ ಪಾತ್ರದವರು ರಂಗದ ಮುಂದಿನ ಅಂಚಿಗೆ ಬಂದು ನೆಲದ ಮೇಲೆ ಕಾಲು ಚಾಚಿ ಕುಳಿತು, ಗೆರಸೆಯಲ್ಲಿ ಅಕ್ಕಿ ಕೇರುತ್ತ, ಕಲ್ಲು ಆರಿಸುತ್ತ, ಹತ್ತು ನಿಮಿಷ ಒಬ್ಬರೇ ಮಾತಾಡುತ್ತಾರೆ. (ಮೊರವೆಂದರೆ ಹೆಚ್ಚು ಜನಕ್ಕೆ ತಿಳಿಯುತ್ತದೆ, ನಮ್ಮ ಕಡೆ ಗೆರಸೆ.) ನಾಟಕದ ಜೀವವೇ ಆ ಹತ್ತು ನಿಮಿಷ. ಅಕ್ಕಿ ಗೆರಸೆಯ ಮೇಲೆ ಸರಿಯುವ ಸದ್ದು ಹಾಲಿನ ಮೂಲೆಮೂಲೆಗೂ ಕೇಳಿಸುತ್ತಿತ್ತು. ಮಳೆ ಶುರುವಾಗುವ ಮೊದಲು ತಗಡಿನ ಮೇಲೆ ಬೀಳುವ ಹನಿಗಳ ಹಾಗೆ. ಆದರೆ ನೆಲದ ಮೇಲೆ ಕುಳಿತ ಆ ನಟಿ ಮೂರನೆಯ ಹಂತದಲ್ಲಿದ್ದ ನಮಗೆ ಹಣೆಯ ಮೇಲ್ಭಾಗದಷ್ಟೇ ಕಾಣುತ್ತಿದ್ದರು. ಆಯಿಗೆ ಅದೂ ಇಲ್ಲ. ಅವಳು ಕೊರಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಚಾಚಿ ನೋಡಿ, ಆಮೇಲೆ ಕಣ್ಣು ಮುಚ್ಚಿಕೊಂಡು ಕುಳಿತುಬಿಟ್ಟಳು. ನಿದ್ದೆ ಬಂದಿರಬೇಕು ಎಂದುಕೊಂಡೆ. ಬಂದಿರಲಿಲ್ಲ.

ಇದರಲ್ಲಿ ಬಿಡಿಸಲಾಗದ ಒಗಟೇನೂ ಇಲ್ಲ, ಸಣ್ಣ ಲೆಕ್ಕವಿದೆ ಅಷ್ಟೆ. ಕುಳಿತ ಮನುಷ್ಯನ ಕಣ್ಣಿಗೂ ನೆತ್ತಿಗೂ ಸುಮಾರು 12 ಸೆಂಟಿಮೀಟರ್ ಅಂತರ. ಹಿಂದಿನವನ ನೋಟ ಮುಂದಿನವನ ತಲೆಯನ್ನು ದಾಟಿ ರಂಗವನ್ನು ಮುಟ್ಟಬೇಕಾದರೆ ಅದು ಮುಂದಿನವನ ಕಣ್ಣಿಗಿಂತ ಅಷ್ಟು ಮೇಲಿಂದ ಹಾಯಬೇಕು. ಕುರ್ಚಿಗಳನ್ನು ಒಂದರ ಬೆನ್ನಿಗೊಂದು ನೇರವಾಗಿ ಇಡದೆ ಒಂದು ಸಾಲು ಬಿಟ್ಟು ಒಂದು ಸಾಲನ್ನು ಅರ್ಧ ಕುರ್ಚಿಯಷ್ಟು ಪಕ್ಕಕ್ಕೆ ಸರಿಸಿಟ್ಟರೆ, ಮುಂದಿನ ಇಬ್ಬರ ಭುಜಗಳ ನಡುವಿನ ಸಂದಿಯಿಂದ ನೋಟ ಹೋಗುತ್ತದೆ. ಆಗ ದಾಟಬೇಕಾದ ತಲೆ ಅದಕ್ಕೂ ಮುಂದಿನ ಸಾಲಿನದ್ದಾದ್ದರಿಂದ ಸಾಲೊಂದಕ್ಕೆ 6 ಸೆಂಟಿಮೀಟರ್ ಸಿಕ್ಕರೂ ಸಾಕಾಗುತ್ತದೆ. ಎತ್ತರಿಸಿದ ರಂಗವಿಲ್ಲದೆ ನಟರು ಪ್ರೇಕ್ಷಕರಿರುವ ನೆಲದಲ್ಲಿಯೇ ಆಡುವಾಗ, ಅದರಲ್ಲೂ ಮೊದಲ ಸಾಲಿನ ಕಾಲ ಬಳಿಯೇ ಕುಳಿತು ಆಡುವಾಗ, ಹಂತಗಳ ಏರು ಇನ್ನಷ್ಟು ಹೆಚ್ಚು ಬೇಕು, ಏಕೆಂದರೆ ನೋಡುವ ವಸ್ತು ಹತ್ತಿರವೂ ತಗ್ಗಿನಲ್ಲೂ ಇದ್ದಷ್ಟು ನೋಟ ಕಡಿದಾಗಿ ಇಳಿಯಬೇಕಾಗುತ್ತದೆ. ಆ ಹಾಲಿನಲ್ಲಿ ಹಂತಗಳ ಎತ್ತರ ಆರು ಇಂಚಿದ್ದೀತು. ಕುರ್ಚಿಗಳು ಮಾತ್ರ ಪರೇಡಿಗೆ ನಿಂತ ಹಾಗೆ ಒಂದರ ಹಿಂದೊಂದು ಇದ್ದವು. ಹಂತಗಳನ್ನು ಎತ್ತರಿಸಲು ಬಡಗಿ ಬೇಕು, ಹಣ ಬೇಕು. ಕುರ್ಚಿಗಳನ್ನು ಸರಿಸಲು ಏನೂ ಬೇಕಿಲ್ಲ.

ಕಾಲಿನ ವಿಷಯವೂ ಹಾಗೆಯೇ. ಸಭಾಂಗಣಗಳ ಬಗ್ಗೆ ನಮ್ಮ ದೇಶದ್ದೇ ಮಾನಕವೊಂದಿದೆ. ಅದರ ಪ್ರಕಾರ ಒಂದು ಸಾಲಿನ ಕುರ್ಚಿಯ ಬೆನ್ನಿನಿಂದ ಮುಂದಿನ ಸಾಲಿನ ಕುರ್ಚಿಯ ಬೆನ್ನಿಗೆ ಕಡಿಮೆಯೆಂದರೂ 85 ಸೆಂಟಿಮೀಟರ್ ಇರಬೇಕು, ಆಸನದ ಅಗಲ 45ರಿಂದ 56 ಸೆಂಟಿಮೀಟರ್ ಇರಬೇಕು. ಮಧ್ಯಂತರದಲ್ಲಿ ನಾನು ಆ ಅಂತರವನ್ನು ಗೇಣಿನಲ್ಲಿ ಅಳೆದೆ. ಮೂರು ಗೇಣು, ಮೇಲೆ ಎರಡು ಬೆರಳು. ಎಪ್ಪತ್ತು ಸೆಂಟಿಮೀಟರಿನ ಆಸುಪಾಸು. ಬೇಕಾದದ್ದಕ್ಕೂ ಇದ್ದದ್ದಕ್ಕೂ ಇರುವ ಆ ಹದಿನೈದು ಸೆಂಟಿಮೀಟರನ್ನು ಆಯಿಯ ಮಂಡಿಗಳು ಎರಡು ಗಂಟೆ ಕಾಲ ಭರಿಸಿದ್ದವು. ಮಂಡಿ ನೋವಿರುವವರಿಗೆ ಕಾಲನ್ನು ಆಗಾಗ ಚಾಚಿ ಮಡಚಬೇಕು. ಚಾಚಿದರೆ ಮುಂದಿನವರ ಬೆನ್ನಿಗೆ ತಾಗುತ್ತದೆ, ತಾಗಿದರೆ ಅವರು ತಿರುಗಿ ನೋಡುತ್ತಾರೆ, ತಿರುಗಿ ನೋಡಿದರೆ ಆಯಿ ಸಂಕೋಚದಿಂದ ಇನ್ನಷ್ಟು ಮುದುಡಿ ಕೂರುತ್ತಾಳೆ. ಅಲ್ಲಿ ಒಂದು ಸಾಲು ಕಡಿಮೆ ಮಾಡಿದ್ದರೆ ಹದಿನೈದು ಟಿಕೆಟ್ಟು ಕಡಿಮೆಯಾಗುತ್ತಿತ್ತು, ನಿಜ. ಆದರೆ ಆ ಸಾಲಿನಲ್ಲಿ ಕೂತವರು ಯಾರೂ ಎರಡನೆಯ ಸಲ ಬರದಿದ್ದರೆ ಆ ಲೆಕ್ಕ ಯಾವ ಪುಸ್ತಕದಲ್ಲಿ ಬರೆಯುತ್ತಾರೋ.

ಆಯಿಗೆ ನಾಟಕ ಹೊಸದಲ್ಲ. ಅವಳ ತವರು ಶಿರಸಿಯ ಹತ್ತಿರದ ಹಳ್ಳಿ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಕಂಪನಿ ನಾಟಕದ ಟೆಂಟುಗಳು ಬರುತ್ತವೆ. ಚಿಕ್ಕವಳಿದ್ದಾಗ ಅವಳು ಅಲ್ಲಿ ನೆಲದ ಟಿಕೆಟ್ಟಿನಲ್ಲಿ ಕೂತು ನೋಡಿದವಳು. ಅವಳ ನೆನಪಿನ ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಎಂದು ದರ್ಜೆಗಳಿದ್ದವು. ಯಾವುದಕ್ಕೆ ಎಷ್ಟು ದುಡ್ಡು ಎಂಬುದು ಹಲಗೆಯ ಮೇಲೆ ಬರೆದಿರುತ್ತಿತ್ತು. ಕೊಟ್ಟ ದುಡ್ಡಿಗೆ ಯಾವ ಜಾಗ ಎಂಬುದರಲ್ಲಿ ಅನುಮಾನವಿರಲಿಲ್ಲ. ರಂಗ ಎದೆಯೆತ್ತರಕ್ಕಿರುತ್ತಿದ್ದುದರಿಂದ ನೆಲದಲ್ಲಿ ಕೂತವರಿಗೂ ಪಾತ್ರಧಾರಿಯ ಕಾಲಿನ ಗೆಜ್ಜೆಯವರೆಗೆ ಎಲ್ಲ ಕಾಣುತ್ತಿತ್ತು. ಊರಿನ ಬಯಲಾಟದಲ್ಲಂತೂ ಕಂಬಳಿ ಹಾಸಿ ಕೂರುವುದು, ಮಕ್ಕಳೆಲ್ಲ ಮುಂದೆ, ನಿದ್ದೆ ಬಂದವರು ಅಲ್ಲಿಯೇ ಉರುಳುವುದು. ಮಲಗಿದವನ ತಲೆ ಯಾರಿಗೂ ಅಡ್ಡ ಬರುವುದಿಲ್ಲ. ತಾಪತ್ರಯ ಶುರುವಾದದ್ದು ನಾವು ಎಲ್ಲರನ್ನೂ ಕುರ್ಚಿಯ ಮೇಲೆ ಎತ್ತಿ ಕೂರಿಸಿ ರಂಗವನ್ನು ನೆಲಕ್ಕಿಳಿಸಿದಾಗ ಎಂದು ನನಗೆ ಅನಿಸುತ್ತದೆ. ನಟನಿಗೂ ಪ್ರೇಕ್ಷಕನಿಗೂ ನಡುವಿನ ಗೋಡೆ ಒಡೆಯಬೇಕೆಂಬ ತತ್ವ ಒಳ್ಳೆಯದೇ. ಗೋಡೆ ಹೋದ ಜಾಗಕ್ಕೆ ಮುಂದಿನ ಸಾಲಿನವರ ತಲೆ ಬಂದು ಕೂತಿದೆ.

ಹಾಗೆಂದು ದೊಡ್ಡ ಸಭಾಂಗಣಗಳೇ ವಾಸಿ ಎನ್ನಲಾರೆ. ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರದಲ್ಲಿ ನಾನು ಎಷ್ಟೋ ನಾಟಕಗಳನ್ನು ನೋಡಿದ್ದೇನೆ, ಅದರ ಮೇಲೆ ನನಗೆ ಪ್ರೀತಿಯಿದೆ. ಆದರೆ ಮುಖದ ಸಣ್ಣ ಭಾವ ಹಿಂದಿನ ಸಾಲುಗಳಿಗೆ ತಲುಪುವುದು ಕಷ್ಟ. ರಂಗದಿಂದ ಸುಮಾರು 20 ಮೀಟರಿನಾಚೆ ಕೂತವರಿಗೆ ನಟನ ಕಣ್ಣುಹುಬ್ಬಿನ ಮಾತು ಕಾಣುವುದಿಲ್ಲ ಎಂಬುದು ರಂಗಮಂದಿರ ಕಟ್ಟುವವರು ಬಹುಕಾಲದಿಂದ ಇಟ್ಟುಕೊಂಡ ಅಂದಾಜು. ಸಣ್ಣ ರಂಗಮಂದಿರದ ಹಿರಿಮೆ ಇರುವುದೇ ಅಲ್ಲಿ: ಪ್ರತಿಯೊಬ್ಬರೂ ಆ ಅಂತರದ ಒಳಗೇ ಇರುತ್ತಾರೆ. ಜೆ.ಪಿ. ನಗರದ ರಂಗಶಂಕರವನ್ನೇ ನೋಡಿ. 1990ರಲ್ಲಿ ತೀರಿಹೋದ ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಅವರು ವರ್ಷಗಟ್ಟಲೆ ದುಡಿದು 2004ರಲ್ಲಿ ತೆರೆದ ಈ ರಂಗಮಂದಿರದಲ್ಲಿ ಮುನ್ನೂರಕ್ಕೆ ಸ್ವಲ್ಪ ಹೆಚ್ಚು ಆಸನಗಳಿವೆ. ರಂಗ ಪ್ರೇಕ್ಷಕರ ನಡುವಿಗೆ ಚಾಚಿಕೊಂಡಿದೆ; ಆಸನಗಳು ಅದನ್ನು ಮೂರು ಕಡೆಯಿಂದ ಸುತ್ತುವರಿದು ಕಡಿದಾಗಿ ಮೇಲೇರುತ್ತವೆ. ಅಲ್ಲಿ ಕೊನೆಯ ಸಾಲಿನಲ್ಲಿ ಕೂತಾಗಲೂ ನನಗೆ ಯಾರ ತಲೆಯೂ ಅಡ್ಡ ಬಂದದ್ದಿಲ್ಲ. ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲ ಎಂಬ ನಿಯಮ ಅಲ್ಲಿ ಶುರುವಿನಿಂದಲೂ ಹೆಸರುವಾಸಿ. ಹಾಗೆ ಮುಚ್ಚಿದ ಬಾಗಿಲಿನ ಹೊರಗೆ ಒಮ್ಮೆ ನಿಂತವರಲ್ಲಿ ನಾನೂ ಒಬ್ಬ; ತಪ್ಪು ಟ್ರಾಫಿಕ್ಕಿನದ್ದಲ್ಲ, ಅರ್ಧ ಗಂಟೆ ತಡವಾಗಿ ಮನೆ ಬಿಟ್ಟ ನನ್ನದೇ. ಆ ದಿನ ಸಿಟ್ಟು ಬಂದಿತ್ತು. ಆಮೇಲಿನ ವರ್ಷಗಳಲ್ಲಿ ಕತ್ತಲಲ್ಲಿ ನನ್ನ ಕಾಲು ತುಳಿದುಕೊಂಡು ಯಾರೂ ಹೋಗದ ಪ್ರತಿ ಸಂಜೆಯೂ ಆ ಸಿಟ್ಟು ಸ್ವಲ್ಪ ಸ್ವಲ್ಪ ಇಳಿದಿದೆ.

ನಾನು ಹೇಳುತ್ತಿರುವ ಮಹಡಿಯ ಹಾಲಿನಲ್ಲಿ ಏಳು ಗಂಟೆಯ ನಾಟಕ ಏಳೂ ಇಪ್ಪತ್ತೈದಕ್ಕೆ ಶುರುವಾಯಿತು. ಆಹ್ವಾನಿತರು ಬರಬೇಕಿತ್ತು. ಬಂದರು, ಅವರಿಗೊಂದು ಸಭಾ ಕಾರ್ಯಕ್ರಮವೂ ಇತ್ತು. ನಿರೂಪಕರು ಸ್ವಾಗತಿಸಿ, ಅತಿಥಿಗಳಿಗೆ ಹೂಗುಚ್ಛದ ಬದಲು ಪುಸ್ತಕ ಕೊಟ್ಟು, ಒಬ್ಬರು ರಂಗಭೂಮಿ ಉಳಿಯಬೇಕಾದ ಅಗತ್ಯದ ಬಗ್ಗೆ ಮಾತಾಡಿದರು. ರಂಗಭೂಮಿಯನ್ನು ಉಳಿಸಲು ಟಿಕೆಟ್ ಕೊಂಡು ಮೂವತ್ತೆಂಟು ಮೆಟ್ಟಿಲು ಹತ್ತಿ ಬಂದವರ ಮುಂದೆಯೇ ಆ ಮಾತನ್ನು ಆಡಬೇಕಾದ ಅಗತ್ಯ ನನಗೆ ಕಾಣಲಿಲ್ಲ. ನಾಟಕ ಶುರುವಾಗಿ ಹತ್ತು ನಿಮಿಷಕ್ಕೆ ಆಹ್ವಾನಿತರಲ್ಲಿ ಇಬ್ಬರು ಬೇರೆ ಕಾರ್ಯಕ್ರಮವಿದೆಯೆಂದು ಎದ್ದು ರಂಗದ ಅಂಚನ್ನೇ ಹಾದು ಹೊರಟರು. ಅವರ ಎರಡು ಕುರ್ಚಿ ನಾಟಕ ಮುಗಿಯುವವರೆಗೂ ಖಾಲಿ ಇದ್ದವು, ‘ಆಹ್ವಾನಿತರಿಗೆ’ ಎಂಬ ಹಾಳೆಯ ಸಮೇತ.

ವಿಡಿಯೋದವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸ್ಟ್ಯಾಂಡನ್ನು ನಡುದಾರಿಯಲ್ಲಿಟ್ಟು, ಅದರ ಪುಟ್ಟ ಪರದೆಯ ಬೆಳಕು ಹಿಂದಿನ ಮೂರು ಸಾಲಿನವರ ಕಣ್ಣಿಗೆ ಬೀಳುವಂತೆ ನಿಲ್ಲುವುದು ಈ ಕಡೆಯ ಎಲ್ಲ ನಾಟಕಗಳಲ್ಲೂ ರೂಢಿಯಾಗಿಬಿಟ್ಟಿದೆ.

ಮಧ್ಯಂತರ ಹತ್ತು ನಿಮಿಷ ಎಂದರು. ಬಾಗಿಲ ಬಳಿ ಒಂದು ಮೇಜು, ಅದರ ಮೇಲೆ ಚಹಾದ ಫ್ಲಾಸ್ಕು, ಬಿಸ್ಕತ್ತಿನ ಡಬ್ಬ, ಒಬ್ಬ ಹುಡುಗ. ಎಂಬತ್ತು ಜನ ಒಟ್ಟಿಗೆ ಅವನ ಮೇಲೆ ಬಿದ್ದರು. ಮೆಟ್ಟಿಲ ಬಳಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಯುಪಿಐ ಚಕ್ರ ಸುತ್ತುತ್ತ ನಿಲ್ಲುತ್ತದೆ. ಇಪ್ಪತ್ತು ರೂಪಾಯಿಯ ಚಹಾಕ್ಕೆ ಐನೂರರ ನೋಟು ಚಾಚಿದವರಿಗೆ ಕೊಡಲು ಅವನ ಬಳಿ ಚಿಲ್ಲರೆಯಿಲ್ಲ. ‘ಸಾರ್, ಕುಡೀರಿ, ಆಮೇಲೆ ಹಾಕಿ’ ಎಂದು ಅವನು ಎಲ್ಲರಿಗೂ ಕೊಡುತ್ತಿದ್ದ. ಎಷ್ಟು ಜನ ಆಮೇಲೆ ಹಾಕಿದರೋ. ಚಹಾ ಮಾತ್ರ ಚೆನ್ನಾಗಿತ್ತು, ಶುಂಠಿ ಜಜ್ಜಿ ಹಾಕಿದ್ದರು. ಶೌಚಾಲಯ ಕೆಳಗಿನ ಮಹಡಿಯಲ್ಲಿ, ಗಂಡಸರಿಗೂ ಹೆಂಗಸರಿಗೂ ಸೇರಿ ಒಂದೇ. ಹತ್ತೊಂಬತ್ತು ಮೆಟ್ಟಿಲು ಇಳಿದು, ಕ್ಯೂನಲ್ಲಿ ನಿಂತು, ಮತ್ತೆ ಹತ್ತೊಂಬತ್ತು ಹತ್ತುವ ಯೋಚನೆಯನ್ನೇ ಆಯಿ ಕೈಬಿಟ್ಟಳು. ಹಾಗಾಗಿ ಚಹಾವನ್ನೂ ಕುಡಿಯಲಿಲ್ಲ. ವಯಸ್ಸಾದ ಹೆಂಗಸರು ಇಂಥ ಜಾಗಗಳಲ್ಲಿ ನೀರು ಮುಟ್ಟದೆ ಕೂರುವುದು ಗಂಡಸರ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ; ನನ್ನ ಕಣ್ಣಿಗೂ ಆ ದಿನವೇ ಬಿದ್ದದ್ದು.

ಎರಡನೆಯ ಭಾಗಕ್ಕೆ ಮೊದಲು ನಡೆದ ಒಂದು ಸಂಗತಿ ನನಗೆ ಸರಿಬರಲಿಲ್ಲ. ಬೇರೆ ತಂಡದ ಏಳೆಂಟು ಕಲಾವಿದರು ತಮ್ಮ ತಾಲೀಮು ಮುಗಿಸಿ ಬಂದರು. ಅವರಿಗೆಂದು ನಡುದಾರಿಯಲ್ಲಿಯೇ ಸ್ಟೂಲುಗಳನ್ನು ಹಾಕಿಕೊಟ್ಟರು. ಪ್ರೀತಿಯ ಕೆಲಸ, ಒಪ್ಪುತ್ತೇನೆ. ಹೌಸ್‌ಫುಲ್ ಆದ ಸಂತೋಷವೂ ಇದ್ದಿರಬೇಕು. ಆದರೆ ಆ ಹಾಲಿಗೆ ಇದ್ದದ್ದು ಒಂದೇ ಬಾಗಿಲು, ಆ ಬಾಗಿಲಿಗೆ ಹೋಗುವ ದಾರಿ ಅದೊಂದೇ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತರಲ್ಲ, ಬಾಲ್ಕನಿಯಲ್ಲಿದ್ದವರು ಹೊರಬರಲಾರದೆ ಹೋದದ್ದಕ್ಕೆ ದಾರಿಯನ್ನು ಕಿರಿದು ಮಾಡಿ ಹಾಕಿದ್ದ ಹೆಚ್ಚುವರಿ ಆಸನಗಳೂ ಒಂದು ಕಾರಣವಾಗಿದ್ದವು. ಗೋಡೆಗೆಲ್ಲ ಬಟ್ಟೆ, ನೆಲಕ್ಕೆ ಪ್ಲೈವುಡ್ಡು, ತಲೆಯ ಮೇಲೆ ಕಾಯ್ದ ಲೈಟುಗಳು ಇರುವ ಹಾಲಿನಲ್ಲಿ ನಡುದಾರಿಯೆಂದರೆ ಖಾಲಿ ಜಾಗವಲ್ಲ. ಚಳಿ ಹಿಡಿಸುವ ಎ.ಸಿ.ಯನ್ನೂ ತಲೆ ಅಡ್ಡ ಬರುವುದನ್ನೂ ನಗುತ್ತ ಸಹಿಸಬಹುದು, ಇದನ್ನು ಸಹಿಸಲಾಗದು.

ಇಷ್ಟರ ನಡುವೆ ಆ ಸಂಜೆಯನ್ನು ಉಳಿಸಿದವಳು ಒಬ್ಬ ಹುಡುಗಿ. ಕಾಲೇಜಿಗೆ ಹೋಗುವ ವಯಸ್ಸು, ಕಪ್ಪು ಟೀ ಶರ್ಟು, ಕೈಯಲ್ಲಿ ಬೆಳಕಿಗೆ ಕೆಂಪು ಕಾಗದ ಸುತ್ತಿದ ಟಾರ್ಚು. ನಾಟಕ ಮುಗಿದು ಜನ ಏಳುವಾಗ ಹಂತ ಇಳಿಯಲು ಆಯಿ ಹಿಡಿದುಕೊಳ್ಳಲು ಏನಾದರೂ ಇದೆಯೇ ಎಂದು ಕೈ ಚಾಚಿ ಹುಡುಕುತ್ತಿದ್ದಳು; ಪ್ಲೈವುಡ್ಡಿನ ಹಂತಗಳಿಗೆ ಕಂಬಿ ಇರಲಿಲ್ಲ, ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಕಪ್ಪಿನಲ್ಲಿ ಕಪ್ಪು. ಆ ಹುಡುಗಿ ಬಂದು, ‘ಅಮ್ಮಾ, ಅವಸರ ಮಾಡಬೇಡಿ, ಇವರೆಲ್ಲ ಹೋಗಲಿ’ ಎಂದು ಪಕ್ಕದಲ್ಲಿಯೇ ನಿಂತು, ಹಾಲು ಖಾಲಿಯಾದ ಮೇಲೆ ಒಂದೊಂದೇ ಹಂತಕ್ಕೆ ಟಾರ್ಚು ಹಿಡಿದು, ತನ್ನ ಭುಜವನ್ನು ಕೊಟ್ಟು ಇಳಿಸಿದಳು. ಇಳಿಸುವಾಗ, ‘ನಿಮಗೆ ಸರಿಯಾಗಿ ಕಾಣಿಸ್ತಾ ಅಮ್ಮಾ?’ ಎಂದು ಕೇಳಿದಳು. ಆ ಸಂಜೆ ಈ ಪ್ರಶ್ನೆಯನ್ನು ಕೇಳಿದವಳು ಅವಳೊಬ್ಬಳೇ. ಆಯಿ ಸುಳ್ಳು ಹೇಳುವವಳಲ್ಲ. ‘ಇಲ್ಲೆ ಮಗಾ, ಕಂಬ ಕಂಡತು’ ಎಂದಳು.

ಹುಡುಗಿ ನಗಲಿಲ್ಲ. ಸಂಘಟಕರನ್ನು ಕರೆದು ತಂದಳು. ಅವರು ಬೆವರೊರೆಸಿಕೊಳ್ಳುತ್ತ ಬಂದು, ಮೊದಲು ಕ್ಷಮೆ ಕೇಳಿ, ಆಮೇಲೆ ತಮ್ಮ ಕಷ್ಟ ಹೇಳಿಕೊಂಡರು. ಅದನ್ನೂ ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಜಾಗದ ಬಾಡಿಗೆ ಪ್ರತಿ ವರ್ಷ ಏರುತ್ತದೆ. ತೊಂಬತ್ತು ಟಿಕೆಟ್ಟೂ ಮಾರಾಟವಾದ ದಿನ ಮಾತ್ರ ಲೈಟಿನವರಿಗೂ ಹಾಲಿನ ಕರೆಂಟಿಗೂ ಕೊಟ್ಟು ತಂಡದ ಊಟಕ್ಕೆ ಸ್ವಲ್ಪ ಉಳಿಯುತ್ತದೆ. ಬಾಗಿಲಲ್ಲಿ ನಿಲ್ಲುವವರು, ಚಹಾ ಕೊಡುವವರು, ಟಾರ್ಚು ಹಿಡಿಯುವವರು ಎಲ್ಲರೂ ನಟರ ಗೆಳೆಯರು, ತಮ್ಮಂದಿರು, ಸಂಬಳವಿಲ್ಲದವರು. ಲಿಫ್ಟು ಹಾಕಿಸಲು ಕಟ್ಟಡದ ಮಾಲೀಕರು ಒಪ್ಪುವುದಿಲ್ಲ. ಇದೆಲ್ಲ ನಿಜವೆಂದು ನನಗೆ ಅನುಮಾನವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕರು ಬರುವ ಜಾಗಗಳ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಆ ಹೊತ್ತಿಗೆ, ಆ ಮನುಷ್ಯನ ಮುಂದೆ ಎತ್ತುವ ಮನಸ್ಸಾಗಲಿಲ್ಲ. ಕಾಯ್ದೆಯ ಭಾರ ಮಾಲೀಕರ ಮೇಲೂ ಇದೆ, ಪರವಾನಗಿ ಕೊಡುವವರ ಮೇಲೂ ಇದೆ.

ಆದರೆ ಒಂದು ಮಾತನ್ನು ಕೇಳಿದೆ: ‘ನೀವು ಯಾವಾಗಲಾದರೂ ಆ ಕುರ್ಚಿಯಲ್ಲಿ ಕೂತು ನಾಟಕ ನೋಡಿದ್ದೀರಾ?’ ಇಲ್ಲ ಎಂದರು. ಅವರು ನಾಟಕ ನೋಡುವುದು ಲೈಟಿನ ಬೋರ್ಡಿನ ಪಕ್ಕ ನಿಂತು. ನಿರ್ದೇಶಕರು ತಾಲೀಮು ನೋಡುವುದು ಮೊದಲ ಸಾಲಿನ ನಡುವಿನಿಂದ. ನಟರಂತೂ ಆಚೆಯಿಂದ. ಹಾಗಾದರೆ ಮೂರನೆಯ ಹಂತದ ತುದಿಯ ಕುರ್ಚಿಯಿಂದ ಆ ನಾಟಕ ಹೇಗೆ ಕಾಣುತ್ತದೆ ಎಂಬುದು ಅದಕ್ಕೆ 250 ರೂಪಾಯಿ ಕೊಟ್ಟವರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಬೇಕಿದ್ದದ್ದು ಅಷ್ಟೇ ಆಗಿತ್ತು. ಸುಖಾಸನ ಕೇಳಲು ಹೋದವನಲ್ಲ. ಮನೆಗೆ ಬಂದವರನ್ನು ಎಲ್ಲಿ ಕೂರಿಸಬೇಕು, ಯಾರಿಗೆ ಒರಗಲು ಗೋಡೆ ಬೇಕು, ಯಾರಿಗೆ ಕೆಳಗೆ ಕೂರಲಾಗುವುದಿಲ್ಲ ಎಂಬುದನ್ನು ಬಾಗಿಲಲ್ಲಿಯೇ ನೋಡಿ ತಿಳಿಯುವ ಗುಣ ನಮ್ಮ ಮನೆಗಳಲ್ಲಿ ಇದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರಿಸುವಾಗಲೂ ನೆಲಕ್ಕೆ ಕೂರಲಾಗದವರನ್ನು ಯಾರೋ ಒಬ್ಬರು ಕೈಹಿಡಿದು ಮೇಜಿನ ಕಡೆಗೆ ಕರೆದೊಯ್ಯುತ್ತಾರೆ. ಟಿಕೆಟ್ಟಿನ ಮೇಲಿನ ಕ್ಯೂ ಆರ್ ಕೋಡಿಗೆ ಫೋನು ಹಿಡಿಯಲು ನಿಂತ ಹುಡುಗ ಆ ಕೆಲಸವನ್ನೂ ಮಾಡಬಲ್ಲ. ಯಾರಾದರೂ ಅವನಿಗೆ ಅದನ್ನು ಹೇಳಬೇಕು.

ಒಂದೂವರೆ ತಿಂಗಳ ನಂತರ ಅದೇ ನಾಟಕದ ಮರುಪ್ರದರ್ಶನವಿತ್ತು. ಸಂಘಟಕರೇ ಫೋನ್ ಮಾಡಿ, ಅಮ್ಮನನ್ನು ಕರೆದುಕೊಂಡು ಬನ್ನಿ, ಟಿಕೆಟ್ ಬೇಡ ಎಂದರು. ಟಿಕೆಟ್ ಕೊಂಡೇ ಹೋದೆವು. ಆಯಿಗೆ ಮೂವತ್ತೆಂಟು ಮೆಟ್ಟಿಲು ಮತ್ತೆ ಹತ್ತುವ ಉತ್ಸಾಹ ಇರಲಾರದೆಂದು ನಾನು ಅಂದುಕೊಂಡಿದ್ದೆ. ಕೇಳಿದ್ದನ್ನು ಒಂದು ಸಲ ನೋಡಬೇಕು ಎಂದು ಅವಳೇ ಹೊರಟಳು. ಎಲ್ಲವೂ ಬದಲಾಗಿತ್ತು ಎಂದರೆ ಸುಳ್ಳಾಗುತ್ತದೆ. ಲಿಫ್ಟು ಇಲ್ಲ, ಶೌಚಾಲಯ ಅಲ್ಲಿಯೇ, ಕಂಬಿಯೂ ಇಲ್ಲ. ಆದರೆ ಟಿಕೆಟ್ಟಿನ ಮೇಲೆ ‘ಎರಡನೇ ಮಹಡಿ, ಲಿಫ್ಟ್ ಇಲ್ಲ, ನೆರವು ಬೇಕಿದ್ದರೆ ಮೊದಲೇ ತಿಳಿಸಿ’ ಎಂದು ಮುದ್ರಿಸಿ ಒಂದು ನಂಬರು ಕೊಟ್ಟಿದ್ದರು. ಮೊದಲ ಮಹಡಿಯ ತಿರುವಿನಲ್ಲಿ ಒಂದು ಕುರ್ಚಿ, ಮೇಲಿನ ಬಾಗಿಲಿನ ಹೊರಗೆ ಎರಡು. ಹಂತಗಳ ಅಂಚಿಗೆ ಬಿಳಿಯ ಟೇಪು. ಕುರ್ಚಿಗಳು ಅರ್ಧರ್ಧ ಸರಿದು ಕೂತಿದ್ದವು, ಒಂದು ಸಾಲೂ ಕಡಿಮೆಯಾಗಿತ್ತು. ಕರ್ಚೀಫು ಹಾಕುವವರು ಇದ್ದೇ ಇದ್ದರು. ಟಾರ್ಚಿನ ಹುಡುಗಿ ಅವನ್ನು ಎತ್ತಿ ಅವರವರ ಕೈಗೇ ಕೊಡುತ್ತಿದ್ದಳು, ನಗುತ್ತಲೇ. ಕಂಬದ ಹಿಂದಿನ ಕುರ್ಚಿ ಇನ್ನೂ ಅಲ್ಲಿಯೇ ಇತ್ತು, ಅದರ ಮೇಲೆ ಲೈಟಿನ ಹುಡುಗ ತನ್ನ ಬ್ಯಾಗು ಇಟ್ಟಿದ್ದ.

ಆಯಿಯನ್ನು ಎರಡನೆಯ ಸಾಲಿನ ತುದಿಯಲ್ಲಿ, ಕಾಲು ಚಾಚಲು ಜಾಗವಿರುವಲ್ಲಿ ಕೂರಿಸಿದರು. ಆ ದೃಶ್ಯ ಬಂತು. ಅತ್ತೆಯ ಪಾತ್ರದವರು ಅಂಚಿಗೆ ಬಂದು ನೆಲದ ಮೇಲೆ ಕುಳಿತು ಗೆರಸೆ ಎತ್ತಿಕೊಂಡರು. ಆಯಿ ಸ್ವಲ್ಪ ಮುಂದೆ ಬಾಗಿ, ಕನ್ನಡಕ ಸರಿಪಡಿಸಿಕೊಂಡು, ಹತ್ತು ನಿಮಿಷವೂ ಕಣ್ಣು ಕೀಳದೆ ನೋಡಿದಳು. ಬೆಳಕು ಆರಿದಾಗ ನನ್ನ ಕಿವಿಯ ಬಳಿ ಬಂದು, ‘ಮಾತು ಚೊಲೊ ಇದ್ದು ತಮಾ, ಆದ್ರೆ ಅದಕ್ಕೆ ಗೆರಸೆ ಹಿಡಿಯಲೇ ಬತ್ತಿಲ್ಲೆ’ ಎಂದಳು.